ಕುಂತು ಕುಂತು ದಣಿದ ರಾಹೇಲವ್ವ

ರಾಹೇಲವ್ವ ರೊಟ್ಟಿ ಬಡಿಯುವ ಸಪ್ಪಳ ನಮ್ಮ ಹುಕ್ಕೇರಿಯ ಚರ್ಚಿನ ಗಂಟೆಗಿಂತ ದೂರ ಕೇಳುತ್ತಿತ್ತು. ಕ್ರಿಸ್‌ಮಸ್ ದಿನ ಹಿತ್ತಲಲ್ಲಿ ಆಕೆ ಹಿಟ್ಟಿಗೆ ಕೈ ಹಚ್ಚಿದಳೆಂದರೆ ಒಳಗೆ ಪಾಸ್ಟರರ ಪ್ರಸಂಗ ತಾನಾಗಿಯೇ ಚಿಕ್ಕದಾಗುತ್ತಿತ್ತು. ಹಾರ್ಮೋನಿಯಂ ಬಾರಿಸುವ ನನಗಂತೂ ಬೇರೆ ತಬಲಾ ಬೇಕಿರಲಿಲ್ಲ. "ಅವ್ವಾ, ಸಾವಕಾಶ ಬಡೀರಿ, ಪ್ರಾರ್ಥನಾ ನಡದೈತಿ" ಎಂದರೆ, "ನಂದೂ ಪ್ರಾರ್ಥನಾನ ನಡದೈತಿ, ಕೈಲೆ ನಡದೈತಿ" ಎನ್ನುತ್ತಿದ್ದಳು. ಎಂಥ ಹೆಂಗಸು!

ಬಾಗಿಲಲ್ಲಿ ಹೊಸ ಮುಖ ಕಂಡರೆ ಸಾಕು, "ಬೀಗರು ಬಂದ್ರಪೋ!" ಎಂದು ಕೂಗುವಳು. ಮೂಡಲಗಿಯಿಂದ ಬಂದ ಸಂಬಂಧಿಕನಿರಲಿ, ಮಳೆಗೆ ಹೆದರಿ ಒಳಹೊಕ್ಕ ಸೈಕಲ್ಲಿನ ಪಾತ್ರೆ ಮಾರುವವನಿರಲಿ, ಆಕೆಗೆ ಬೀಗರೇ. ನಮ್ಮ ಕಡೆ ಮನೆಯ ಒಳ್ಳೆಯ ಜಮಖಾನೆ ಹೊರಬರುವುದೇ ಬೀಗರಿಗಾಗಿ. ಆ ಪಾತ್ರೆಯವನೂ ಚಹಾ ಕುಡಿದೇ ಹೋದ.

ಆದರೆ ಚರ್ಚಿನ ಒಲೆ ಆಕೆಗೆ ಪುಕ್ಕಟೆ ಸಿಕ್ಕಿದ್ದಲ್ಲ. ದೇವರ ಮುಂದೆ ಎಲ್ಲರೂ ಒಂದೇ ಎಂದು ಹಾಡಿದ ಬಾಯಿಗಳೇ ಹಿಟ್ಟು ಕಲಸುವ ಹೊತ್ತಿಗೆ ಯಾರು ಯಾವ ಕೇರಿಯವರೆಂದು ನೆನಪು ಮಾಡಿಕೊಳ್ಳುತ್ತಿದ್ದವು. ಯಾರೂ ಬೈಯುತ್ತಿರಲಿಲ್ಲ, ಬಲು ಮರ್ಯಾದೆ! ರಾಹೇಲವ್ವನ ಕೇರಿಯ ದಲಿತ ಹೆಂಗಸರು ಬಂದರೆ ದೂರದಲ್ಲಿ ಚಾಪೆ ಹಾಸಿ, "ನೀವು ಕೂಡ್ರಿ, ದಣದೀರಿ" ಎನ್ನುತ್ತಿದ್ದರು, ಅಷ್ಟೆ. ರಾಹೇಲವ್ವನ ತಾಯಿ ಆ ಚಾಪೆಯ ಮೇಲೆಯೇ ತನ್ನ ಕ್ರಿಸ್‌ಮಸ್‌ಗಳನ್ನೆಲ್ಲ ಕಳೆದಿದ್ದಳು.

ನಾನು ಹುಕ್ಕೇರಿಗೆ ಸೊಸೆಯಾಗಿ ಬಂದ ವರ್ಷದ ಕ್ರಿಸ್‌ಮಸ್. ಅಡುಗೆಯ ಯಜಮಾನಿಕೆ ಸಲೋಮಿಬಾಯಿಯವರದು. ರಾಹೇಲವ್ವ ಬಂದವಳೇ ಚಾಪೆ ಸುತ್ತಿ ಬಗಲಲ್ಲಿ ಹಿಡಿದು, ನೆಟ್ಟಗೆ ಒಲೆಯ ಮುಂದೆ ಹೋಗಿ ಹಾಸಿಕೊಂಡು ಕೂತುಬಿಟ್ಟಳು.

"ದಣದೇನ್ರಿ ಬಾಯಾರ, ಖರೆ ಐತಿ. ಕುಂತು ಕುಂತು ದಣದೇನಿ. ಹಿಟ್ಟ ಈ ಕಡೆ ಕೊಡ್ರಿ."

ನಾನು ಬದನೆಕಾಯಿ ಹೆಚ್ಚುವುದನ್ನು ಬಿಟ್ಟು ನೋಡುತ್ತ ನಿಂತೆ. ಸಲೋಮಿಬಾಯಿಯವರು ಚಾಪೆ ನೋಡಿದರು, ಒಲೆ ನೋಡಿದರು. ಕಡೆಗೆ ಹಿಟ್ಟಿನ ಪರಾತ ಅವರ ಕೈಯಿಂದಲೇ ಇತ್ತ ಸರಿಯಿತು. ಖುಷಿಗೆ ನನಗೆ ಸೀಟಿ ಹೊಡೆಯಬೇಕೆನಿಸಿತು. ಹೊಸ ಸೊಸೆ, ಬದನೆಕಾಯಿಗೆ ಮರಳಿದೆ.

ಎಷ್ಟೋ ವರ್ಷಗಳ ಮೇಲೆ ಗ್ರೇಸ್ ಬಂದಳು. ನಿಡಸೋಸಿಗೆ ಎಂಜಿನಿಯರಿಂಗ್ ಓದಲು ಬಂದ ಹುಡುಗಿ, ಆಫ್ರಿಕಾದ ಮಲಾವಿ ದೇಶದವಳು. ಬಜಾರದಲ್ಲಿ ಅವಳ ಬಣ್ಣ ನೋಡಿ ಜನ ನಕ್ಕಿದ್ದು ಸಾಲದೆಂಬಂತೆ ನಮ್ಮವರೂ ಪ್ರಾರ್ಥನೆಯ ನಡುವೆ ಹೊರಳಿ ಹೊರಳಿ ನೋಡಿದರು. ಬಾಜೂ ಯಾರೂ ಕೂಡಲಿಲ್ಲ. ಹಿಂದಿನಾಕೆ ಮೆಲ್ಲಗೆ ಅವಳ ಜಡೆ ಮುಟ್ಟಿ ನೋಡಿದಳು.

"ಕೈ ತಗೀ! ಅಂಗಡ್ಯಾನ ಗೊಂಬಿ ಅಂತ ತಿಳದೀಯೇನ? ಬೀಗರು ಬಂದಾರ!"

ರಾಹೇಲವ್ವನ ಆ ಗುಡುಗಿಗೆ ಚರ್ಚೇ ನೆಟ್ಟಗೆ ಕೂತಿತು. ಅಂದಿನಿಂದ ಮುಂದಿನ ಕುರ್ಚಿ ಗ್ರೇಸಳಿಗೆ, ಮೊದಲ ಚಹಾ ಗ್ರೇಸಳಿಗೆ. ಗ್ರೇಸ್ ರಾಹೇಲವ್ವನ ಬೆನ್ನು ಹತ್ತಿ ಕನ್ನಡ ಕಲಿತಳು. ಕಣ್ಣು ಮುಚ್ಚಿ ಕೇಳಿದರೆ ಸಂಕೇಶ್ವರದ ಹುಡುಗಿ ಎನ್ನಬೇಕು, ಹಾಗೆ.

ಎರಡನೆಯ ಕ್ರಿಸ್‌ಮಸ್‌ಗೆ ಅವಳು ಅಂಗಿಯ ತೋಳು ಮಡಚಿಕೊಂಡು ಒಲೆಯ ಹತ್ತಿರ ಬಂದಳು. "ನಾನೂ ರೊಟ್ಟಿ ಬಡೀತೀನಿ ಅವ್ವಾ."

"ಬ್ಯಾಡ ನನ್ನವ್ವ, ನೀ ಕೂಡು. ದಣದಿ" ಎಂದಳು ರಾಹೇಲವ್ವ.

ಗ್ರೇಸ್ ಕದಲಲಿಲ್ಲ. "ಅವ್ವಾ, ಬೀಗರು ಎಷ್ಟ ವರ್ಷಕ್ಕ ಮನಿಯವರ ಆಗ್ತಾರ?"

ರಾಹೇಲವ್ವನ ಕೈ ಹಿಟ್ಟಿನ ಮೇಲೆಯೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ಎಲ್ಲರನ್ನೂ ಒಳಗೆ ಕರೆದವಳಿಗೇ ಈ ಮಾತು!

ಮರುಕ್ಷಣ ಆಕೆ ಹಿಟ್ಟಿನ ಕೈಯಿಂದ ತನ್ನ ಕೆನ್ನೆಗೆ ತಾನೇ ಬಡಿದುಕೊಂಡಳು. "ನನ್ನ ಬಾಯಾಗ ಮಣ್ಣ ಹಾಕ! ನಮ್ಮವ್ವನ್ನ ಕೂಡ್ರಿಸಿದ ಮಾತ ನನ್ನ ಬಾಯಾಗ ಬಂತಲ್ಲೋ! ಬಾ ಮಗಳ, ಸರಕೋತೀನಿ."

ಗ್ರೇಸಳ ಮೊದಲ ರೊಟ್ಟಿ ಬೆಳಗಾವಿ ಜಿಲ್ಲೆಯ ನಕಾಶೆಯಂತಿತ್ತು; ಗೋಕಾಕದ ಕಡೆ ಒಂದು ತೂತೂ ಬಿದ್ದಿತ್ತು. ನಕ್ಕು ನಕ್ಕು ನಮಗೆಲ್ಲ ಹೊಟ್ಟೆ ಹುಣ್ಣಾಯಿತು. ಅದನ್ನೇ ಮುರಿದು ಮೊದಲ ತುತ್ತು ಬಾಯಿಗೆ ಹಾಕಿಕೊಂಡವರು ಯಾರೆನ್ನುತ್ತೀರಿ? ಸಲೋಮಿಬಾಯಿ! ಪ್ರಾರ್ಥನೆ ಮುಗಿಯುವವರೆಗೆ ಹಿತ್ತಲಲ್ಲಿ ಎರಡು ಜೋಡಿ ಕೈಗಳ ಸಪ್ಪಳ. ಅಂದು ನಾನು ಹಾರ್ಮೋನಿಯಂ ಬಾರಿಸಿದಂತೆ ಮತ್ತೆಂದೂ ಬಾರಿಸಿಲ್ಲ.

ಹೋದ ಮಳೆಗಾಲ ರಾಹೇಲವ್ವ ಹೋದಳು. ಸತ್ತ ಮನೆಯಲ್ಲಿ ನಾವು ಒಲೆ ಹೊತ್ತಿಸುವುದಿಲ್ಲ; ಬೀಗರು, ಓಣಿಯವರು ರೊಟ್ಟಿ ಕಟ್ಟಿ ತಂದು ಮನೆಯವರನ್ನು ಕೂಡ್ರಿಸಿ ಉಣಬಡಿಸುತ್ತಾರೆ. ಮಣ್ಣು ಮುಗಿಸಿ ಬಂದೆವು. ಸಲೋಮಿಬಾಯಿ ಬುತ್ತಿ ಬಿಚ್ಚಿದರು. ಅತ್ತು ಕಣ್ಣು ಬಾತಿದ್ದ ಗ್ರೇಸ್, ರೂಢಿಯಂತೆ, ಬಡಿಸಲು ಎದ್ದಳು.

ಸಲೋಮಿಬಾಯಿ ಅವಳ ಭುಜ ಹಿಡಿದು ತಡೆದರು.

"ಇವತ್ತ ಬ್ಯಾಡವಾ. ಬಡಸಾಕ ನಾವು ಬೀಗರು ಬಂದೇವಿ. ನೀ ಮನಿಯಾಕಿ. ನೀ ಕೂಡು."

ರಾಹೇಲವ್ವನ ಸೊಸೆಯಂದಿರು ಅತ್ತಿತ್ತ ಸರಿದು ಜಾಗ ಮಾಡಿದರು. ಗ್ರೇಸ್ ಕೂತಳು.