ಅಂಗಳದಲ್ಲಿ ಎಕ್ಕ ಸಾಕಿದ ಸಾವಂತ್ರಮ್ಮ

ಗೋವಿನಕೋವಿ ಊರಲ್ಲಿ ಇನ್ನೂ ನಸುಕು. ಸಾವಂತ್ರಮ್ಮ ಬೆರಳುಗಳಿಗೆ ಒಲೆಯ ಬೂದಿ ಬಳಿದುಕೊಂಡು, ಮುಖ ಆಚೆಗೆ ತಿರುಗಿಸಿ ಎಕ್ಕದ ಮೊಗ್ಗು ಬಿಡಿಸುತ್ತಿದ್ದಾರೆ. ಅದರ ಹಾಲು ಕಣ್ಣಿಗೆ ಸಿಡಿದರೆ ಕಥೆ ಮುಗಿದಂತೆ. ಇಂದು ಶನಿವಾರ, ಆಂಜನೇಯನ ಗುಡಿಗೆ ಹಾರ ಹೋಗಬೇಕು. ಚಿಟ್ಟೆಯ ಹುಳು ಮೇಯುತ್ತಿರುವ ಟೊಂಗೆ ಬಂದಾಗ ಮಾತ್ರ ಕೈ ಹಿಂದೆ ಸರಿಯುತ್ತದೆ. "ಅವು ಉಣ್ಲಿ ಬಿಡ್ರಿ. ದೇವ್ರಿಗೆ ಪಕ್ಕದ ಟೊಂಗೆ ಐತೆ" ಎನ್ನುತ್ತಾರೆ.

ಎಕ್ಕದ ಹೂವು ಎಲ್ಲರಿಗೂ ಬೇಕು, ಗಿಡ ಮಾತ್ರ ಮನೆ ಮುಂದೆ ಬೇಡ. ಹಾಳು ಬಿದ್ದ ಮನೆಯಲ್ಲಿ ಹುಟ್ಟುವಂಥದ್ದೆಂದು ಅದರ ಹೆಸರು ಹಿಡಿದೇ ಬೈಯುತ್ತೇವಲ್ಲ! ಮೊಗ್ಗಿಗಾಗಿ ಊರಾಚೆ ಅಲೆದು ಸಾಕಾದ ಸಾವಂತ್ರಮ್ಮ, ಬಿಸಿಲು ಚೆನ್ನಾಗಿ ಬೀಳುವ ಅಂಗಳದಲ್ಲೇ ನಾಲ್ಕು ಟೊಂಗೆ ನೆಟ್ಟರು. ಹೂವಿಗೆ ಕಪ್ಪು ದುಂಬಿಗಳು ಬಂದವು, ಎಲೆಗೆ ಚಿಟ್ಟೆಗಳು ಮೊಟ್ಟೆಯಿಟ್ಟವು. ಪಕ್ಕದ ಹೀರೆ ಚಪ್ಪರವೂ ಕಾಯಿ ಹಿಡಿದು ಜೋತುಬಿತ್ತು.

ಪೀಕಲಾಟ ಶುರುವಾದದ್ದು ಮಗ ಕೊಟ್ರೇಶನಿಗೆ ಹೆಣ್ಣು ಗೊತ್ತಾದಾಗ. ಜಗಳೂರಿನಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಗಂಡ ಪಾಪಣ್ಣ ಮಚ್ಚು ಹಿಡಿದೇಬಿಟ್ಟರು. "ಬೇರು ಮುಟ್ಟಬ್ಯಾಡ್ರಿ, ಮತ್ತೆ ಚಿಗುರ್ತಾವೆ" ಎಂದು ಗೋಗರೆದು, ಸಾವಂತ್ರಮ್ಮ ಮೂರು ಗಿಡಗಳನ್ನು ಮೋಟು ಮಾಡಲು ಬಿಟ್ಟರು. ನಾಲ್ಕನೆಯದರ ಎಲೆಯಡಿ ಚಿಟ್ಟೆಯ ಗೂಡುಗಳು ತೂಗುತ್ತಿದ್ದವು. ಅದರ ಮೇಲೆ, ಒಣಗಲು ಹಾಕಿದಂತೆ, ಸೀರೆಯೊಂದನ್ನು ಹೊದಿಸಿದರು.

ಚಹಾ ಕುಡಿದು ಹೊರಬಂದ ಹೆಣ್ಣಿನ ತಾಯಿ ಚೌಡಕ್ಕ, ಹಗ್ಗವಿಲ್ಲದೆ ನಿಂತುಕೊಂಡೇ ಒಣಗುತ್ತಿರುವ ಸೀರೆಯನ್ನು ನೋಡಿ ಅನುಮಾನದಿಂದ ಎತ್ತಿಯೇಬಿಟ್ಟರು. ಗೂಡು ಬಿರಿದು ಬಂದ ಕೇಸರಿ ಚಿಟ್ಟೆಗಳು ಒಳಗೆ ರೆಕ್ಕೆ ಆರಿಸಿಕೊಳ್ಳುತ್ತಿದ್ದವು.

"ಮನೆ ಮುಂದೆ ಎಕ್ಕಾನಾ?" ಚೌಡಕ್ಕನ ಮುಖ ಬಿಗಿಯಿತು.

ಸಂಬಂಧ ತಪ್ಪಿದರೆ ಮಗನಿಗೆ ಹೇಗೆ ಮುಖ ತೋರಿಸುವುದು? ಆದರೂ ಸಾವಂತ್ರಮ್ಮನ ಬಾಯಿಗೆ ಸುಳ್ಳು ಬರಲಿಲ್ಲ. "ತಾನಾಗಿ ಹುಟ್ಟಿದ್ದಲ್ರಿ ಅಕ್ಕಾರೆ, ನಾನೇ ಹಾಕಿದ್ದು."

ಹಟ ಮಾಡಿ ತಾಯಿಯ ಜೊತೆಗೆ ಬಂದಿದ್ದ ಮದುವೆಯ ಹುಡುಗಿ ಮಾಲಾ ಆಗಲೇ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಚಿಟ್ಟೆಯೊಂದು ಅವಳ ಬೆರಳಿಗೆ ಹತ್ತಿತ್ತು. "ಹಾಳು ಬಿದ್ದ ಮನೆಯಾಗೆ ಗಿಡಕ್ಕೆ ಸೀರೆ ಹೊದಿಸೋರು ಇರ್ತಾರೇನವ್ವಾ? ನಂಗೆ ಈ ಮನೆನೇ ಆಗ್ಬೇಕು" ಎಂದಳು. ಮೊದಲು ನಕ್ಕವರು ಪಾಪಣ್ಣ. ಚೌಡಕ್ಕ ನಗಲಿಲ್ಲ, ಆದರೆ ತಾಂಬೂಲಕ್ಕೆ ಕೈಚಾಚಿದರು.

ಮೋಟುಗಳೀಗ ಆಳೆತ್ತರ ಬೆಳೆದಿವೆ. ಸೊಸೆ ಮಾಲಾ ಅತ್ತೆಯ ಪಕ್ಕ ಕೂತು ಹಾರ ಕಟ್ಟುತ್ತಾಳೆ, ಗಂಟು ಇನ್ನೂ ಸಡಿಲ. ಸಾವಂತ್ರಮ್ಮನಿಗೆ ಸಂಭ್ರಮವೋ ಸಂಭ್ರಮ.

ಮೊನ್ನೆ ಬಂದಿದ್ದ ಚೌಡಕ್ಕ ಹೊರಡುವಾಗ, ಯಾರೂ ಇಲ್ಲವಷ್ಟೇ ಎಂದು ಅತ್ತಿತ್ತ ನೋಡಿ, ಒಂದು ಟೊಂಗೆ ಕೇಳಿದರಂತೆ. ತಮ್ಮ ಮನೆಯ ಹಿತ್ತಲ ನೆರಳಲ್ಲಿ, ಯಾರಿಗೂ ಕಾಣದ ಕಡೆ ನೆಡುವ ಲೆಕ್ಕಾಚಾರ. ಅದನ್ನು ಹೇಳುವಾಗ ಸಾವಂತ್ರಮ್ಮನ ಮುಖ ಅರಳುತ್ತದೆ.

"ಕೊಟ್ಟೆ. ಕೊಟ್ಟು ಹೇಳ್ದೆ, ನೆಳ್ಳಾಗೆ ಅದು ಬರಾಕಿಲ್ರಿ ಬೀಗ್ರೇ, ಮನೆ ಮುಂದೇನೇ ಹಾಕ್ರಿ ಅಂತ."