ರಾಮಕ್ಕನ ಹೋಟ್ಲಿನ ಜಾಕಪ್ಪ

ಮತ್ತಿಗಿರಿಯಲ್ಲಿ ಗಾಡಿ ನಿಲ್ಲುವ ಬಯಲಿನ ಎದುರಿಗೆ ರಾಮಕ್ಕನ ಕಾಪಿ ಹೋಟ್ಲು. ಒಳಗೆ ಬೆಂಚು, ಹೊರಗೆ ಜಗಲಿ. ಅಲ್ಲಿಗೆ ಒಂದೇ ಕಾನೂನು: ಬಂದವರು ಎಲ್ಲಿ ಬೇಕಾದರೂ ಕೂರಬಹುದು, ಆದರೆ ಆ ಜಾಗ ತನ್ನದು ಅನ್ನುವಂತಿಲ್ಲ. ಒಮ್ಮೆ ತಳಿ ಊರಿನ ಕಡೆಯ ಸಾಹುಕಾರನೊಬ್ಬ ಬೆಂಚಿನ ಮೇಲೆ ಟವಲು ಹಾಸಿ ಎತ್ತು ನೋಡಿಕೊಂಡು ಬರಲು ಹೋದ. ವಾಪಸು ಬರುವಷ್ಟರಲ್ಲಿ ರಾಮಕ್ಕ ಅದೇ ಟವಲಿನಲ್ಲಿ ಬೆಂಚು ಒರೆಸುತ್ತಿದ್ದಳು.

ಅವಳ ಗಂಡ ನಂಜಪ್ಪ ದೊರೆ ಬಂಗಲೆಯಲ್ಲಿ ತೋಟದ ಕೆಲಸಕ್ಕಿದ್ದ. ಸ್ವಾತಂತ್ರ್ಯ ಬಂದ ವರ್ಷ ದೊರೆ ತನ್ನ ದೇಶಕ್ಕೆ ಹೊರಟಾಗ ಆಳುಗಳಿಗೆಲ್ಲ ಏನಾದರೊಂದು ಕೊಟ್ಟ. ಅಡುಗೆಯವನಿಗೆ ಗೋಡೆ ಗಡಿಯಾರ, ಕಾವಲುಗಾರನಿಗೆ ಉಣ್ಣೆ ಕೋಟು. ನಂಜಪ್ಪ ಆಗ ಆಲಸನತ್ತಂನಲ್ಲಿ ತಂಗಿ ಮಗುವಿನ ನಾಮಕರಣದಲ್ಲಿದ್ದ. ಓಡಿ ಬರುವಷ್ಟರಲ್ಲಿ ಉಳಿದಿದ್ದು ಮೀನಿನ ಗಾಜಿನ ತೊಟ್ಟಿ ಮಾತ್ರ. ಅದನ್ನೇ ತೊಡೆ ಮೇಲಿಟ್ಟುಕೊಂಡು, ಎತ್ತಿನ ಗಾಡಿಯಲ್ಲಿ ಮೈಯೆಲ್ಲ ನೆನೆಸಿಕೊಂಡು ಮನೆಗೆ ಬಂದ.

"ಇಡ್ಲಿ ಮಾರೋ ಕಡೆ ಮೀನು ತಂದಿಕ್ಕಿದ್ರೆ ಯಾರು ಬತ್ತಾರೆ?" ಅಂದಳು ರಾಮಕ್ಕ.

ತೀರ್ಪು ಕೊಟ್ಟವರು ಕರಣಂ ಶ್ಯಾಮಣ್ಣ. ಊರಿನ ಜಮೀನಿನ ಲೆಕ್ಕವೆಲ್ಲ ಅವರದು. ಮಡಿಯವರಾದ್ದರಿಂದ ಹೋಟ್ಲಿನಲ್ಲಿ ನೀರೂ ಮುಟ್ಟುತ್ತಿರಲಿಲ್ಲ, ದಿನಾ ಬಂದು ಜಗಲಿಯಲ್ಲಿ ನಶ್ಯ ಏರಿಸುತ್ತಾ ಕೂರುತ್ತಿದ್ದರು. "ಈಜೋ ತನಕ ಅದು ದೇವರ ಅವತಾರ ಕಣಮ್ಮಾ. ಬಾಣಲೆಗೆ ಬಿದ್ದ ಮೇಲೇ ಮಾಂಸ," ಅಂದರು. ತೊಟ್ಟಿ ಒಳಗೆ ಬಂತು. ನಮ್ಮೂರಿನ ಚಳಿಗೆ ಮೀನು ಸಾಯಬಾರದೆಂದು ನಂಜಪ್ಪ ಅದನ್ನು ಒಲೆಯ ಹಿಂದಿನ ಬೆಚ್ಚನೆಯ ಗೋಡೆಗೆ ಒತ್ತಿಸಿಟ್ಟ.

ತೊಟ್ಟಿಯಲ್ಲಿ ಚಿನ್ನದ ಬಣ್ಣದ ಮೀನುಗಳಿದ್ದವು, ಬಡಪಾಯಿಗಳು. ಅವುಗಳ ನಡುವೆ ಅಂಗೈಯಗಲದ ಕಪ್ಪು ಮೀನೊಂದು, ಮೈಮೇಲೆ ನೀಲಿ ಚುಕ್ಕಿ. ಸಮುದ್ರದಾಚೆಯಿಂದ ತರಿಸಿದ್ದಂತೆ. ದೊರೆ ಅದನ್ನು ಜ್ಯಾಕ್ ಅನ್ನುತ್ತಿದ್ದ, ಹೋಟ್ಲಿನ ಜನ ಜಾಕಪ್ಪ ಅಂದರು.

ಜಾಕಪ್ಪನಿಗೆ ಇಡೀ ತೊಟ್ಟಿ ತನ್ನದೇ. ಮಧ್ಯದ ಚಪ್ಪಟೆ ಕಲ್ಲಿನ ಹತ್ತಿರ ಯಾರೇ ಸುಳಿದರೂ ನುಗ್ಗಿ ಬಾಲ ಕಚ್ಚುತ್ತಿದ್ದ. ಉಳಿದವೆಲ್ಲ ಹರಿದ ಬಾಲ ಹೊತ್ತು ಒಂದೇ ಮೂಲೆಯಲ್ಲಿ ಗುಂಪಾಗಿ ನಿಂತಿರುತ್ತಿದ್ದವು. ಕಾಪಿ ಕುಡಿಯುವವರಿಗೆ ಅದೊಂದು ತಮಾಷೆ. ರಾಮಕ್ಕನಿಗೆ ಮಾತ್ರ ಮೈಯೆಲ್ಲ ಉರಿ. ತನ್ನ ಹೋಟ್ಲಲ್ಲಿ, ತನ್ನ ಕಣ್ಣೆದುರಿಗೇ ಒಬ್ಬ ಜಾಗ ಹಿಡಿದು ಕೂತಿದ್ದಾನೆ!

"ಹಸಿವಿಗೆ ಹಂಗಾಡ್ತಾನೆ," ಅಂದ ನಂಜಪ್ಪ. ತೋಟದಿಂದ ಎರೆಹುಳ ತಂದು ಹೊಟ್ಟೆ ತುಂಬ ತಿನ್ನಿಸಿದರು. ತಿಂದು ಬಲಿತವನು ಮೊದಲಿಗಿಂತ ಜೋರಾಗಿ ಕಚ್ಚಿದ.

ರಾಮಕ್ಕ ಗಿರಾಕಿಗಳು ಮುಖ ನೋಡಿಕೊಳ್ಳುವ ಕನ್ನಡಿಯನ್ನು ಗೋಡೆಯಿಂದ ಇಳಿಸಿ ತೊಟ್ಟಿಗೆ ಒರಗಿಸಿದಳು. ಎದುರಾಳಿಯನ್ನು ಕಂಡ ಜಾಕಪ್ಪ ಕಿವಿರು ಉಬ್ಬಿಸಿ ಗಾಜಿಗೆ ಗುದ್ದತೊಡಗಿದ. ಗಾಡಿಯವರು ಗಾಡಿ ಕಟ್ಟುವುದು ಮರೆತು ನೋಡುತ್ತ ನಿಂತರು. ಸಂಜೆಯ ಹೊತ್ತಿಗೆ ಜಾಕಪ್ಪ ಬಣ್ಣ ಕಳೆದುಕೊಂಡು ತಳಕ್ಕೆ ಕೂತ. ಮಾರನೆಯ ದಿನ ಹುಳವನ್ನೂ ಮುಟ್ಟಲಿಲ್ಲ.

"ತೆಗೀರ್ಲಾ ಆ ಕನ್ನಡೀನ," ಅಂದಳು ರಾಮಕ್ಕ. "ಬುದ್ಧಿ ಕಲೀಲಿ ಅಂದೆ, ಸಾಯ್ಲಿ ಅಂದ್ನಾ?"

ಕನ್ನಡಿ ಹೋಯಿತು, ಹಸಿವು ಬಂತು, ಕಚ್ಚಾಟವೂ ಬಂತು.

ಆಗ ಜಗಲಿಯಿಂದ ಶ್ಯಾಮಣ್ಣನವರು ಎದ್ದು ಬಂದು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ರಾಮಕ್ಕಾ, ಇದು ಹೊಟ್ಟೇ ವಿಷಯ ಅಲ್ಲ, ಎಲ್ಲೆ ವಿಷಯ. ಆ ಚಪ್ಪಟೆ ಕಲ್ಲಿಂದ ಈ ಗುಂಡು ಕಲ್ಲಿನ ತನಕ ತನ್ನ ಅನುಭೋಗ ಅಂತ ಅವನ ವಾದ. ಕಲ್ಲು ಕದಲಿಸಿದ್ರೆ ಯಾರ ಜಮೀನು ಎಲ್ಲಿ ಅಂತ ಅವನಿಗೇ ಗೊತ್ತಾಗಲ್ಲ."

"ಹಂಗಾದ್ರೆ ಕದಲಿಸಿ ಸಾಮಿ."

ಎಲ್ಲೆಗಲ್ಲು ಕದಲಿಸಿದವರನ್ನು ಹಿಡಿದು ದಂಡ ಹಾಕಿಸುವುದರಲ್ಲೇ ತಲೆ ನೆರೆಸಿಕೊಂಡ ಮನುಷ್ಯ ನಶ್ಯದ ಡಬ್ಬಿ ಪಕ್ಕಕ್ಕಿಟ್ಟರು. ಆಮೇಲೆ ಅಂಗಿಯ ತೋಳು ಮೇಲೇರಿಸಿ ನೀರಿಗೆ ಕೈಹಾಕಿದರು. ಕಲ್ಲುಗಳು ಸ್ಥಳ ಬದಲಾಯಿಸಿದವು. ಜಾಕಪ್ಪ ಹೊಸದಾಗಿ ಊರಿಗೆ ಬಂದವನ ಹಾಗೆ ಸುತ್ತಿ ಸುತ್ತಿ ನೋಡಿದ, ಯಾರನ್ನೂ ಕಚ್ಚಲಿಲ್ಲ. ಚಿನ್ನದ ಮೀನುಗಳು ಮೂಲೆ ಬಿಟ್ಟು ಹೊರಬಂದವು.

ಆದರೆ ಮರುದಿನ ಅವನು ಹೊಸ ಎಲ್ಲೆ ಗೊತ್ತುಮಾಡಿಕೊಂಡಿದ್ದ. ಹೀಗಾಗಿ ಶ್ಯಾಮಣ್ಣನವರಿಗೆ ಅದೇ ನಿತ್ಯದ ಕೆಲಸವಾಯಿತು. ಬೆಳಿಗ್ಗೆ ಬಂದು ಕಲ್ಲು ಸರಿಸುವುದು, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುವುದು. ಅವರ ಮುಖದಲ್ಲಿ ಯಾವತ್ತೂ ಕಾಣದ ಒಂದು ಗೆಲುವು ಕಾಣತೊಡಗಿತು.

ಮಾತು ಹೊಸೂರಿಗೆ ಹೋಗುವಾಗ ಮೀನು ದಾರಿಯಲ್ಲೇ ಬಿದ್ದುಹೋಗಿತ್ತು. ತಾಲೂಕು ಕಚೇರಿಗೆ ಮುಟ್ಟಿದ್ದು ಇಷ್ಟೇ: ಮತ್ತಿಗಿರಿ ಕರಣಂ ದಿನಾ ಬೆಳಿಗ್ಗೆ ಎಲ್ಲೆಗಲ್ಲು ಕದಲಿಸುತ್ತಾರೆ. ಒಂದು ದಿನ ರೆವಿನ್ಯೂ ಇನ್ಸ್‌ಪೆಕ್ಟರ್ ಸೈಕಲ್ಲಿನಲ್ಲಿ ಬಂದಿಳಿದರು. ಸೇಲಂ ಕಡೆಯ ತಮಿಳರು.

"ಎಂಗೇಯ್ಯಾ, ಎಲ್ಲಿ ಆ ಕಲ್ಲು?"

ಶ್ಯಾಮಣ್ಣನವರು ತಲೆ ತಗ್ಗಿಸಿ ತೊಟ್ಟಿ ತೋರಿಸಿದರು. ಇನ್ಸ್‌ಪೆಕ್ಟರ್ ನಗಲಿಲ್ಲ. ಬೆಂಚು ಎಳೆದು ಕೂತು, ದಿನಾ ಮಾಡುವ ಹಾಗೆ ಮಾಡಿ ತೋರಿಸಿ ಅಂದರು. ಶ್ಯಾಮಣ್ಣನವರು ಕೈ ಇಳಿಸಿ ಚಪ್ಪಟೆ ಕಲ್ಲು ಹಿಡಿದದ್ದೇ ತಡ, ಜಾಕಪ್ಪ ಅವರ ಬೆರಳಿಗೆ ಬಾಯಿ ಹಾಕಿದ. "ಅಯ್ಯಯ್ಯೋ!" ಎಂದು ಕೈ ಎಳೆದುಕೊಂಡರು. ಎಂದೂ ಅವರನ್ನು ಕಚ್ಚಿದವನಲ್ಲ.

ರಾಮಕ್ಕ ಬಗ್ಗಿ ನೋಡಿದಳು. ಕಲ್ಲಿನ ಮೇಲೆ ರಾಗಿ ಅಂಟಿಸಿದ ಹಾಗೆ ಸಣ್ಣ ಸಣ್ಣ ಕಾಳು. ಜಾಕಪ್ಪ ಅವುಗಳ ಮೇಲೆ ರೆಕ್ಕೆಯಿಂದ ಬೀಸಣಿಗೆಯ ಹಾಗೆ ನೀರು ಬೀಸುತ್ತಿದ್ದ.

"ಮೊಟ್ಟೆ!" ಅಂದಳು. "ಇದು ಹೆಣ್ಣು ಕಣ್ರಪ್ಪಾ!"

ನಂಜಪ್ಪ ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಇನ್ಸ್‌ಪೆಕ್ಟರ್ ಎದ್ದು ನಿಂತು, ಕೆಮ್ಮಿ, ಇನ್ನು ಮೇಲೆ ಯಾರೂ ಈ ಕಲ್ಲು ಮುಟ್ಟಕೂಡದೆಂದು ಹುಕುಂ ಮಾಡಿ ಸೈಕಲ್ ಹತ್ತಿದರು.

ಕಚ್ಚುವವಳು ಒಳಗಿದ್ದು, ಕಚ್ಚಿಸಿಕೊಂಡವರು ಮನೆ ಬಿಡುವುದು ನ್ಯಾಯವಲ್ಲವೆಂದು ರಾಮಕ್ಕನಿಗೆ ಗೊತ್ತಿತ್ತು. ಆದರೂ ಸಂಜೆಗೆ ಕಾಪಿ ಸೋಸುವ ಬಟ್ಟೆ ಹಿಡಿದು ಬಂದು ಚಿನ್ನದ ಮೀನುಗಳನ್ನು ಒಂದೊಂದಾಗಿ ಎತ್ತಿದಳು. "ಬಸುರಿ ಬಾಣಂತೀನ ಎಬ್ಬಿಸಾಕಾಯ್ತದಾ?" ಅಂದಳು, ಯಾರೂ ಕೇಳದೆಯೇ.

ಗಂಡಿಲ್ಲದ ಮೊಟ್ಟೆಗಳು ಬೆಳ್ಳಗಾಗಿ ಕೆಟ್ಟವು. ರಾಮಕ್ಕ ಒಲೆ ಹಚ್ಚುವ ಮೊದಲು ತೊಟ್ಟಿಯ ಮುಂದೆ ಒಂದಿಷ್ಟು ಹೊತ್ತು ಕೂರುವುದನ್ನು ರೂಢಿ ಮಾಡಿಕೊಂಡಳು. ಜಾಕಮ್ಮ ಅಲ್ಲೇ ಒಬ್ಬಳೇ ಬಹಳ ಕಾಲ ಬಾಳಿದಳು.

ಚಿನ್ನದ ಮೀನುಗಳನ್ನು ಬಿಟ್ಟದ್ದು ಬಯಲಿನಲ್ಲಿ ಎತ್ತುಗಳು ನೀರು ಕುಡಿಯುವ ಕಲ್ಲುಬಾನಿಗೆ. ಮೊದಮೊದಲು ಎತ್ತುಗಳು ಮೂತಿ ಇಟ್ಟು, ಚಿನ್ನದ ಹಾಗೆ ಏನೋ ಹೊಳೆದಾಡಿದ್ದು ಕಂಡು ಬುಸ್ಸೆಂದು ಹಿಂದೆ ಸರಿಯುತ್ತಿದ್ದವು. ಗಾಡಿಯವರು ರಾಮಕ್ಕನನ್ನು ಬೈದರು. ಕೊನೆಗೆ ಎತ್ತುಗಳೇ ಉಪಾಯ ಕಂಡುಕೊಂಡವು: ನೀರಿನ ಮೇಲೆ ಒಮ್ಮೆ ಉಫ್ ಎಂದು ಊದುವುದು, ಮೀನು ದೂರ ಸರಿದ ಮೇಲೆ ನಿಧಾನವಾಗಿ ಕುಡಿಯುವುದು.