ಸಂತಾಪಕ್ಕೆ ಚಾಚಿದ ಕೈ

ಕಸಲಾ ಪಟ್ಟಣದ ಆರೋಗ್ಯ ವಿಜ್ಞಾನ ಕಾಲೇಜೊಂದರ ಅಧ್ಯಕ್ಷೆ ಡಾಕ್ಟರ್ ಸಿತ್ತನಾ ಅವರು ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತದ್ದನ್ನು ಕಂಡವರು ಕಡಿಮೆ. ಬೆಳಗಿನ ನಮಾಜು ಮುಗಿಸಿ, ಸೀರೆಯಂತೆ ಮೈಗೆ ಸುತ್ತಿದ ಬಿಳಿಯ ತೋಬಿನ ಸೆರಗನ್ನು ತಲೆಗೆಳೆದುಕೊಂಡು ಅವರು ನೇರವಾಗಿ ಹೆರಿಗೆ ವಾರ್ಡಿಗೆ ಹೋಗುವರು. ಕಡತಗಳು ಅವರನ್ನು ಹುಡುಕಿಕೊಂಡು ಅಲ್ಲಿಗೇ ಬರಬೇಕು. ಮೂವತ್ತು ವರ್ಷಗಳ ಹಿಂದೆ ಅದೇ ವಾರ್ಡಿನ ನೆಲ ಒರೆಸಲು ಬಂದವರು ಅವರು. ಒರೆಸುತ್ತಲೇ ಓದಿದರು, ದಾದಿಯಾದರು, ರಾಜಧಾನಿ ಖಾರ್ತೂಮಿಗೆ ಹೋಗಿ ಪದವಿ ತಂದರು. ಧೂಳಿನಿಂದ ಮನುಷ್ಯನನ್ನು ಮಾಡಿದವನಿಗೆ, ನೆಲ ಒರೆಸಿದವಳನ್ನು ನಾನೂರು ವಿದ್ಯಾರ್ಥಿಗಳ ಮುಂದೆ ನಿಲ್ಲಿಸುವುದು ದೊಡ್ಡ ಮಾತೇ?

ಆ ವರ್ಷ ಸೂಲಗಿತ್ತಿ ತರಗತಿಯ ಕೊನೆಯ ಪರೀಕ್ಷೆಯಲ್ಲಿ ಎಡವಿದವಳು ಮದೀನಾ. ಬೆಟ್ಟದಾಚೆಯ ಬೇಜಾ ಜನರ ಹಳ್ಳಿಯಿಂದ ಓದಲು ಬಂದ ಮೊದಲ ಹೆಣ್ಣುಮಗಳು. ಅವಳ ತಂದೆ ಓಹಾಜ್ ಮೂರು ವರ್ಷಕ್ಕೆಂದು ಕಳುಹಿಸಿದ್ದ, ಅದರ ಮೇಲೆ ಒಂದು ದಿನವೂ ಇಲ್ಲವೆಂದಿದ್ದ. ತರಗತಿಯಲ್ಲಿ ಅವಳಷ್ಟು ಚುರುಕಾದವಳು ಇನ್ನೊಬ್ಬಳಿರಲಿಲ್ಲ. ಪರೀಕ್ಷೆಯ ದಿನ ಮೊಣಕೈವರೆಗೆ ತೊಳೆದು, ಕೈಗವಸು ಧರಿಸಿ, ಹೆರುವವಳ ಬಳಿ ನಿಂತಿದ್ದಳು. ಆಗ ಹೆರುವವಳ ತಾಯಿ ಒಳಗೆ ಬಂದಳು. ಮದೀನಾಳಿಗೆ ಪರಿಚಿತಳು, ಹಿಂದಿನ ವಾರವಷ್ಟೇ ಅಣ್ಣನನ್ನು ಮಣ್ಣು ಮಾಡಿದ್ದಳು. ಸಾವಾದ ಮನೆಯವರನ್ನು ಮೊದಲ ಸಲ ಕಂಡಾಗ ಅಂಗೈಗಳನ್ನೆತ್ತಿ ಫಾತಿಹಾ ಪ್ರಾರ್ಥನೆ ಓದದೆ, ಕೈ ಹಿಡಿಯದೆ ಹೋಗುವುದು ನಮ್ಮಲ್ಲಿ ಮುಖಕ್ಕೆ ಉಗಿದಂತೆ. ಮದೀನಾ ಅಂಗೈಗಳನ್ನೆತ್ತಿದಳು, ಓದಿದಳು, ಮುದುಕಿಯ ಕೈ ಹಿಡಿದು ಕಣ್ಣೊರೆಸಿದಳು. ಮರುಗಳಿಗೆಯಲ್ಲಿ ಅದೇ ಕೈಗವಸಿನಲ್ಲಿ ಹೊಕ್ಕುಳಬಳ್ಳಿಯ ಕತ್ತರಿ ಎತ್ತಿಕೊಂಡಳು.

ಪರೀಕ್ಷಕರು ಕತ್ತರಿ ಕಸಿದುಕೊಂಡರು. ತಾಯಿ ಕ್ಷೇಮ, ಕೂಸು ಕ್ಷೇಮ, ಮದೀನಾ ನಪಾಸು.

ಹಿರಿಯ ಅಧ್ಯಾಪಕ ಬಶರಿ ಫಲಿತಾಂಶದ ಹಾಳೆ ಹಿಡಿದು ಅಧ್ಯಕ್ಷೆಯ ಬಳಿಗೆ ಓಡಿ ಬಂದ.

"ಪಾಸು ಅಂತ ಒಂದು ಸಹಿ ಹಾಕಿಬಿಡಿ ದಕ್ತೋರಾ. ಹುಡುಗಿ ಏನು ಕಳ್ಳತನ ಮಾಡಿದ್ಳಾ? ಅಳೋರ ಕೈ ಹಿಡಿದ್ಳು, ಅಷ್ಟೇ."

"ಕೈ ಹಿಡಿದಿದ್ದಕ್ಕೆ ದೇವರು ಅವಳಿಗೆ ಪುಣ್ಯ ಕೊಡ್ಲಿ ಉಸ್ತಾದ್. ಅದೇ ಕೈಯಲ್ಲಿ ಕತ್ತರಿ ಹಿಡಿದಿದ್ದಕ್ಕೆ ನಾವು ನಪಾಸು ಕೊಡ್ಬೇಕು."

"ಆರು ತಿಂಗಳಾದ್ಮೇಲೆ ಮತ್ತೆ ಪರೀಕ್ಷೆ. ಅವರಪ್ಪ ಅಲ್ಲಿವರೆಗೂ ಬಿಡ್ತಾನಾ? ಕತ್ತಿ ಸಮೇತ ಬರ್ತಾನೆ ಇಲ್ಲಿಗೆ!"

"ಅಷ್ಟು ದೂರ ಅವರು ಯಾಕೆ ಬರ್ಬೇಕು? ನಾನೇ ಹೋಗ್ತೀನಿ."

ಬಾಯಲ್ಲಿ ಧೈರ್ಯವಿತ್ತು, ಎದೆಯಲ್ಲಿರಲಿಲ್ಲ. ಸಹಿ ಹಾಕಿದರೆ ಆ ಹಳ್ಳಿಗೆ ನಾಳೆಯೇ ಸೂಲಗಿತ್ತಿ. ಹಾಕದಿದ್ದರೆ ಪ್ರಾಯಶಃ ಎಂದೆಂದಿಗೂ ಇಲ್ಲ. ಆದರೆ ಆ ಸಹಿಯನ್ನು ನಂಬಿ ಎಷ್ಟು ಬಾಣಂತಿಯರು ಕಣ್ಣು ಮುಚ್ಚಿ ಮಲಗುವರು! ಅಂದು ಮಧ್ಯಾಹ್ನದ ನಮಾಜಿನಲ್ಲಿ ಸಿತ್ತನಾ ಅವರ ಹಣೆ ನೆಲದಿಂದ ಬೇಗನೆ ಏಳಲಿಲ್ಲ.

ಮರುದಿನ ಚಾಲಕ ಅದ್ರೋಬನ ಪಿಕಪ್ಪಿನಲ್ಲಿ ಮದೀನಾಳನ್ನು ಕೂರಿಸಿಕೊಂಡು ಹೊರಟರು. ಓಹಾಜನ ಚಾಪೆಮನೆಯಲ್ಲಿ ಶುಂಠಿ ಹಾಕಿದ ಕಾಫಿ ಬಂತು. ಮಳೆಯ ಸುದ್ದಿ, ಒಂಟೆಗಳ ಸುದ್ದಿ, ಸತ್ತವರ ಸುದ್ದಿ, ಹುಟ್ಟಿದವರ ಸುದ್ದಿ ಎಲ್ಲವೂ ಮುಗಿಯಬೇಕು, ಬಂದ ಕಾರಣ ಆಮೇಲೆ. ಮೂರನೆಯ ಬಟ್ಟಲಿಗೆ ಸಿತ್ತನಾ ಬಾಯಿ ತೆರೆದರು.

"ನಿಮ್ಮ ಮಗಳು ಪಾಸಾಗಿಲ್ಲ ಯಜಮಾನ್ರೇ. ತಪ್ಪು ನಂದು. ಕೈ ತೊಳೆಯೋದನ್ನ ಮೂರು ವರ್ಷ ಕಲಿಸ್ದೆ. ಸಂತಾಪ ಹೇಳಿದ್ಮೇಲೆ ಮತ್ತೆ ತೊಳೀಬೇಕು ಅಂತ ಕಲಿಸೋದು ನನಗೇ ಹೊಳೀಲಿಲ್ಲ. ಇನ್ನು ಆರು ತಿಂಗಳು ಕೊಡಿ. ನನ್ನ ಮನೇಲೇ ಇಟ್ಕೋತೀನಿ."

"ಮೂರು ಅಂದ್ರೆ ಮೂರು. ನನ್ನ ಮಾತು ಒಂಟೆ ಬಾಲ ಅಲ್ಲ, ಅತ್ಲಾಗೆ ಇತ್ಲಾಗೆ ಆಡೋಕೆ." ಓಹಾಜ್ ಮೂಲೆಯತ್ತ ಕೈ ತೋರಿಸಿದ. "ಅಗೋ ನಮ್ಮವ್ವ. ಯಾವ ಕಾಲೇಜು ಕಂಡಿದ್ಲು? ನಲವತ್ತು ವರ್ಷ ಈ ಊರಿನ ಕೂಸುಗಳನ್ನೆಲ್ಲ ಎತ್ತಿದ್ದು ಅವಳೇ. ಮದೀನಾ, ಒಳಗೆ ನಡಿ."

ಮೂಲೆಯಲ್ಲಿದ್ದ ಅವನ ತಾಯಿ ಹಾಜ್ಜಾ ಬತೂಲ್ ಕೇಳಿದಳು: "ಕೈ ತೊಳೀದೆ ಮುಟ್ಟಿದ್ರೆ ಏನಾಗ್ತದೆ ಮಗಳೇ?"

"ಮೂರನೇ ದಿನ ಬಾಣಂತಿಗೆ ಚಳಿಜ್ವರ ಬರುತ್ತೆ, ಅಮ್ಮ. ಹೊಟ್ಟೆ ಉಬ್ಬುತ್ತೆ. ಆಮೇಲೆ..."

"ಆಮೇಲಿಂದು ನಂಗೊತ್ತು."

ಮುದುಕಿ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಬಳಿಕ ಒಂದೊಂದೇ ಬೆರಳು ಮಡಚುತ್ತ ಹೆಸರುಗಳನ್ನು ಹೇಳತೊಡಗಿದಳು. ಏಳು ಹೆಸರು. ಏಳನೆಯದನ್ನು ಕೇಳಿ ಓಹಾಜ್ ತಲೆ ತಗ್ಗಿಸಿದ. ಅದು ಮದೀನಾಳ ತಾಯಿಯದು.

"ದೇವರ ಇಚ್ಛೆ ಅಂತ ಮಣ್ಣು ಹಾಕಿದ್ವಿ. ನನ್ನ ಕೈಯಾ ಅದು?"

ಮಂತ್ರಿಗಳೆದುರು ನಡುಗದ ಸಿತ್ತನಾ ಅವರ ನಾಲಗೆ ಆಗ ಅಲ್ಲವೆಂದುಬಿಡಲು ತವಕಿಸಿತು. ಆದರೆ ನಿನ್ನೆ ಹಾಕದ ಸುಳ್ಳು ಸಹಿಯನ್ನು ಇಂದು ಇಲ್ಲಿ ಹಾಕುವುದೆಂತು?

"ಇದ್ದಿರಬಹುದು ಅಮ್ಮ. ನಿಮಗೆ ಯಾರೂ ಹೇಳಿರ್ಲಿಲ್ಲ. ಗೊತ್ತಿಲ್ದೇ ಮಾಡಿದ್ದಕ್ಕೆ ದೇವರು ಲೆಕ್ಕ ಕೇಳಲ್ಲ."

"ಈಗ ನೀವು ಹೇಳಿದ್ರಲ್ಲ. ಇನ್ನು ಮೇಲೆ ಕೇಳ್ತಾನೆ."

ಎಂಥ ಮಾತು! ಅಕ್ಷರವರಿಯದ ಆ ವೃದ್ಧೆ ನಲವತ್ತು ವರ್ಷಗಳ ಮಾನವನ್ನು ಹಳೆಯ ಬಟ್ಟೆಯಂತೆ ಕಳಚಿಟ್ಟು ಎದ್ದು ನಿಂತಳು. ಸತ್ಯವನ್ನು ನಾವೆಲ್ಲ ಕತ್ತಿಯಂತೆ ಪರರ ಮೇಲೆಯೇ ಎತ್ತುವವರು. ಅದನ್ನು ತನ್ನೆದೆಗೇ ಆನಿಸಿಕೊಳ್ಳಲು ಒಡೆಯನು ಯಾರಿಗೋ ಒಬ್ಬರಿಗೆ ಬಲ ಕೊಡುತ್ತಾನೆ. ಸಿತ್ತನಾ ಅವರೂ ತಮಗರಿವಿಲ್ಲದೆಯೇ ಎದ್ದು ನಿಂತಿದ್ದರು.

"ಓಹಾಜಾ," ಎಂದಳು ಬತೂಲ್, "ನಿನ್ನ ಮಾತು ನೀನೇ ಇಟ್ಕೋ. ಹುಡುಗಿ ಜೊತೆ ನಾನೂ ಹೋಗ್ತೀನಿ. ಊರಲ್ಲಿ ಇಬ್ರು ಬಸುರೀರಿದ್ದಾರೆ. ಅವರ ದಿನ ತುಂಬೋದ್ರೊಳಗೆ ಕಲ್ತು ಬರ್ಬೇಕು." ಬಳಿಕ ಅಧ್ಯಕ್ಷೆಯತ್ತ ತಿರುಗಿದಳು. "ಹಲ್ಲಿಲ್ಲದೋರನ್ನ ಸೇರಿಸ್ಕೋತೀರೇನವ್ವಾ ನಿಮ್ಮ ಕಾಲೇಜಿಗೆ?"

"ಮೊದಲನೇ ಬೆಂಚೇ ನಿಮ್ದು, ಅಮ್ಮ."

ಓಹಾಜ್ ತಾನೇ ತಾಯಿಯ ಗಂಟು ಕಟ್ಟಿ, ತಾನೇ ಹೊತ್ತು ತಂದ. "ಆರು ತಿಂಗಳು," ಎಂದ, ಮಗಳ ಮುಖ ನೋಡದೆ. "ಒಂದು ದಿನ ಹೆಚ್ಚಿಲ್ಲ."

ಪಿಕಪ್ಪಿನ ಮುಂದಿನ ಸೀಟಿನಲ್ಲಿ ಬತೂಲ್ ಕುಳಿತಳು, ಕಾಲ ಬಳಿ ಗಂಟು. ಸಿತ್ತನಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮದೀನಾಳೊಂದಿಗೆ ಹಿಂದೆ ಹತ್ತಿದರು.

ಅದ್ರೋಬ್ ಕಂಗಾಲಾದ. "ಅಧ್ಯಕ್ಷರು ಸಾಮಾನಿನ ಥರ ಹಿಂದೆ ಕೂತ್ರೆ ಪೇಟೇಲಿ ಜನ ಏನಂತಾರೆ?"

"ಏನಾದ್ರೂ ಅನ್ಲಿ. ನೀನು ಗುಂಡಿ ನೋಡ್ಕೊಂಡು ಓಡ್ಸು. ಮುಂದಿರೋ ವಿದ್ಯಾರ್ಥಿನಿಗೆ ವಯಸ್ಸಾಗಿದೆ."

ಗಾಡಿ ಹೊರಟಿತು. ದಾರಿಯುದ್ದಕ್ಕೂ ಧೂಳು ಎದ್ದು ಅಧ್ಯಕ್ಷೆಯ ಬಿಳಿಯ ತೋಬು ಮಣ್ಣಿನ ಬಣ್ಣಕ್ಕೆ ತಿರುಗಿತು. ಅವರ ತುಟಿಗಳು ಮಾತ್ರ ಅಲುಗುತ್ತಲೇ ಇದ್ದವು, ದೇವರ ಸ್ತುತಿಯಲ್ಲಿ.